ಮರವಿಲ್ಲದವರ ಓಟು

12 ನವೆಂಬರ್ 2024, ಮಂಗಳವಾರ

ಸುತ್ತಲೂ ಕೆರೆನೀರಿರುವ ನಮ್ಮ ನಡುಗಡ್ಡೆಯ ಸಂಘಕ್ಕೆ ನಾನೇ ಬರೆದ ನಿಯಮವೊಂದು ವಾರದಿಂದ ಮನಸ್ಸು ಕೊರೆಯುತ್ತಿತ್ತು: ಇಪ್ಪತ್ತು ತೆಂಗಿನ ಮರಕ್ಕೆ ಒಂದು ಓಟು. ಕೊಬ್ಬರಿ, ನಾರು, ಮೀನು, ಹೊಲಿಗೆ ಎಲ್ಲವನ್ನೂ ಒಟ್ಟಿಗೆ ಮಾರೋಣವೆಂದು ಕಟ್ಟಿದ ಸಂಘ. ಬರೆಯುವಾಗ ಮರವಿಲ್ಲದವರು ನೆನಪಿಗೇ ಬರಲಿಲ್ಲ. ನನಗೆ ತೋಟವಿದೆ, ಅದಕ್ಕೇ ಇರಬೇಕು.

ಇವತ್ತಿನ ಸಭೆಯಲ್ಲಿ ಕಾಯಿ ಸುಲಿಯುವ ಕಲ್ಲಮ್ಮ ಎದ್ದು ನಿಂತಳು. “ನಮ್ಗೂ ಒಂದೊಂದು ಓಟು ಕೊಡಿ.”

ದೊಡ್ಡ ತೋಟದ ಬೆಟ್ಟಸ್ವಾಮಣ್ಣ ನಕ್ಕ. “ಒಂದು ಮರಾನೂ ಇಲ್ಲ, ನಿಂಗ್ಯಾಕಮ್ಮ ಓಟು?”

“ನಿಮ್ಮ ಕಾಯಿ ತಾನೇ ಇಳ್ದು, ತಾನೇ ಸುಲ್ಕಂಡು ದೋಣಿ ಹತ್ತುತ್ತಾ ಅಣ್ಣ? ಹಂಗಾದ್ರೆ ನಾಳೆಯಿಂದ ನಾನು ಮನೇಲೇ ಕೂತ್ಕತೀನಿ ಬುಡಿ.”

ಹೊಲಿಗೆಯ ಹಸೀನಾ ಬೇಗಂ ಮೊದಲು ನಕ್ಕರು, ಆಮೇಲೆ ಸಭೆಯೇ ನಕ್ಕಿತು. ತಪ್ಪು ನನ್ನದೆಂದು ಹೇಳಿ ಆ ಸಾಲನ್ನು ಎಲ್ಲರೆದುರೇ ಹೊಡೆದುಹಾಕಿದೆ. ಆಳಿಗೊಂದು ಓಟು, ಒಪ್ಪುವವರು ಕೈ ಎತ್ತಿ ಅಂದೆ. ಒಂದೊಂದಾಗಿ ಕೈಗಳೆದ್ದವು. ಬೆಟ್ಟಸ್ವಾಮಣ್ಣ ಸುತ್ತ ನೋಡಿ, ಕೊನೆಗೆ ತಾನೂ ಎತ್ತಿದ. “ಬೇಗ ಬರ್ಕಳ್ಳಲಾ, ಕೈ ನೋಯ್ತದೆ.”

ಮೈಯೆಲ್ಲ ಹಗುರಾಗಿದೆ, ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಈಗಷ್ಟೇ ಹೊಳೆಯಿತು, ಕಲ್ಲಮ್ಮನೇ ಅಧ್ಯಕ್ಷೆಯಾದರೆ? ಬೆಟ್ಟಸ್ವಾಮಣ್ಣನ ಮುಖ ನೆನೆದು ಒಬ್ಬನೇ ನಗುತ್ತಿದ್ದೇನೆ. ನಾಳೆ ಮೊದಲು ಅವಳ ಮನೆಗೇ ಹೋಗಿ ಕೇಳಬೇಕು, ಒಪ್ಪದಿದ್ದರೆ ಒಪ್ಪುವವರೆಗೂ ಅವಳ ಜಗಲಿ ಬಿಟ್ಟು ಏಳಬಾರದು.