ಹಳೇ ಪಾರ್ಟು ಎಲ್ಲಿ?

ನನ್ನ ಜೊತೆ ಮಾತು ಬಿಟ್ಟಿರುವ ಚಿಕ್ಕಮ್ಮನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮನೆಗೆ ಬಂದರೆ ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತು "ಅವಳಿಗೆ ತಲೆನೋವು, ಮಲಗಿದಾಳೆ" ಅನ್ನುತ್ತಾರೆ. ಒಳಗೆ ನೀನು ಪಾತ್ರೆ ಕುಕ್ಕುವ ಸದ್ದು ನನಗೆ ಚೆನ್ನಾಗಿಯೇ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಶಾಲೆ ಅರ್ಧಕ್ಕೆ ಬಿಟ್ಟವಳು, ಇಷ್ಟುದ್ದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ನಗು, ಆದರೆ ಕೊನೆಯವರೆಗೆ ಓದು.

ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಓವನ್ನಿನ ಒರಿಜಿನಲ್ ಪಾರ್ಟನ್ನು ನಾನು ಕದ್ದು ಮಾರಿಲ್ಲ, ಅದರ ಜಾಗಕ್ಕೆ ನಕಲಿ ಹಾಕಿಯೂ ಇಲ್ಲ. ನೀನು ನಮ್ಮ ರಿಪೇರಿ ವರ್ಕ್‌ಶಾಪಿನ ಯಜಮಾನರಿಗೆ ಫೋನ್ ಮಾಡಿ "ನಿಮ್ಮ ಹುಡುಗಿ ಕೈ ಶುದ್ಧ ಇಲ್ಲ, ಸ್ವಲ್ಪ ನೋಡ್ಕೊಳ್ಳಿ" ಅಂದೆಯಂತೆ. ಅವತ್ತಿನಿಂದ ಅವರು ನನ್ನನ್ನು ಯಾರ ಮನೆಯ ರಿಪೇರಿಗೂ ಕಳಿಸುತ್ತಿಲ್ಲ. ವರ್ಕ್‌ಶಾಪಿನ ಮೂಲೆಯಲ್ಲಿ ಕೂರಿಸಿ ಸ್ಕ್ರೂ ಆರಿಸಲು ಹೇಳಿದ್ದಾರೆ. ತಿಂಗಳ ಕೊನೆಗೆ ಇಟ್ಟುಕೊಳ್ಳುವುದೋ ಕಳಿಸುವುದೋ ನೋಡೋಣ ಎಂದಿದ್ದಾರೆ. ಒಂದು ಕಡೆ ಕೂರಲಾರದೆ ಶಾಲೆ ಬಿಟ್ಟವಳಿಗೆ ಇದು ಎಂಥ ಶಿಕ್ಷೆ ಅಂತ ನಿನಗೇ ಗೊತ್ತು. ಆದರೆ ಅದನ್ನಾದರೂ ತಡೆದುಕೊಳ್ಳಬಹುದು. ನಾನು ಶಾಲೆ ಬಿಟ್ಟಾಗ ಮನೆಯವರೆಲ್ಲ ಮುಖ ತಿರುಗಿಸಿದ್ದರು. ನೀನೊಬ್ಬಳೇ ಯಜಮಾನರ ಮುಂದೆ ನನ್ನನ್ನು ನಿಲ್ಲಿಸಿ, "ಓದು ಹತ್ತಲಿಲ್ಲ, ನಿಜ. ಸುಳ್ಳೂ ಹತ್ತಲ್ಲ ಇವಳಿಗೆ. ಇಟ್ಕೊಳ್ಳಿ" ಅಂದಿದ್ದೆ. ಆ ಮಾತನ್ನು ಹೇಳಿದ ಬಾಯೇ ಈ ಮಾತನ್ನೂ ಹೇಳಿತಲ್ಲ, ಅದನ್ನು ತಡೆದುಕೊಳ್ಳಲಾಗುತ್ತಿಲ್ಲ.

ನಿನ್ನನ್ನು ದೂರುತ್ತಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ನನ್ನನ್ನೇ ಅನುಮಾನಿಸುತ್ತಿದ್ದೆ. ನಮ್ಮ ಕೆಲಸವೇ ಅದು, ಒಂದೊಂದೇ ಪಾರ್ಟಿನ ಮೇಲೆ ಅನುಮಾನ ಪಡುತ್ತ ಹೋಗುವುದು.

ನಿನ್ನ ಓವನ್ ಒಮ್ಮೆ ಬಿಸಿಯಾಗುತ್ತಿತ್ತು, ಒಮ್ಮೆ ತಣ್ಣಗೆ ಕೂತಿರುತ್ತಿತ್ತು. ಹೊಸದನ್ನೇ ಕೂರಿಸೋಣವೆಂದರೆ ಈಗಿನವು ಯಾವುವೂ ನಿನ್ನ ಗೋಡೆಯ ಗೂಡಿಗೆ ಹಿಡಿಸುವುದಿಲ್ಲ. ಕಲ್ಲು ಒಡೆಸಬೇಕು, ಮೇಲಿನ ಕಪಾಟು ಕೀಳಿಸಬೇಕು. "ನನ್ನ ಅಡುಗೆಮನೆ ಮುಟ್ಟಿದ್ರೆ ನೋಡು" ಎಂದು ನೀನು ಸೌಟು ತೋರಿಸಿದೆ. ಸರಿ, ಬಾಗಿಲ ಅಂಚಿನ ಸ್ಕ್ರೂ ಬಿಚ್ಚಿ ಇಡೀ ಓವನ್ನನ್ನು ಗೂಡಿನಿಂದ ಸ್ಟೂಲಿನ ಮೇಲೆ ಎಳೆದುಕೊಂಡೆ. ಥರ್ಮೋಸ್ಟಾಟ್ ಸುಟ್ಟಿತ್ತು. ನೀನು ನಾಬ್ ತಿರುಗಿಸಿದಷ್ಟು ಬಿಸಿಯಾದ ಕೂಡಲೇ ಕರೆಂಟು ನಿಲ್ಲಿಸುವ ಪುಟ್ಟ ಪಾರ್ಟು ಅದು.

ಓವನ್ ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ. ಅಂಗಡಿ ಅಂಗಡಿ ಅಲೆದು ಕೊನೆಗೆ ಇಲ್ಲಣ್ಣನ ಹತ್ತಿರ ಹೋದೆ. ಏನು ಕೇಳಿದರೂ ಮೊದಲು "ಇಲ್ಲ" ಅಂದು ಆಮೇಲೆ ಹುಡುಕುವವನು, ಅದಕ್ಕೇ ಆ ಹೆಸರು. ಅವನು ಸ್ಯಾಂಪಲ್ ಬೇಕೆಂದು ಹಳೆಯದನ್ನು ಇಸಿದುಕೊಂಡ. ಓವನ್ನಿನ ಬಾಗಿಲ ಒಳಗಿದ್ದ ತಗಡಿನ ನಂಬರನ್ನು ನಾನು ಬರೆದುಕೊಂಡು ಹೋಗಿದ್ದೆ, ಅದನ್ನು ನೋಡಿ ಬೇರೆಯೇ ನಂಬರಿನ ಡಬ್ಬಿ ಕೊಟ್ಟ. "ನಂಬರ್ ಬದಲಾಗಿದೆ, ಮಾಲು ಅದೇ" ಅಂದ. ನನಗೆ ಅವನ ಮೇಲೂ ನಂಬಿಕೆ ಬರಲಿಲ್ಲ. ಅದಕ್ಕೇ ಕೂರಿಸಿದ ಮೇಲೆ ಓವನ್ನಿನೊಳಗೆ ಬಿಸಿ ಅಳೆಯುವ ಮೀಟರ್ ಇಟ್ಟು ನೋಡಿದೆ. ನಾಬ್ ನೂರೈವತ್ತಕ್ಕೆ ಇದ್ದಾಗ ಮೀಟರೂ ನೂರೈವತ್ತು ಅಂದಿತು.

ಆಗ ನೀನು ಕೇಳಿದೆ, "ಹಳೇ ಪಾರ್ಟು ಎಲ್ಲಿ?" ಅಂಗಡಿಯಲ್ಲೇ ಉಳಿಯಿತು ಅಂದೆ. ನೀನು ಚಿಕ್ಕಪ್ಪನ ಮುಖ ನೋಡಿದೆ. ಅವರು ಪೇಪರಿನೊಳಗೆ ಮುಖ ಹುದುಗಿಸಿದರು.

ಮಾರನೆಯ ದಿನ ಡಾಕ್ಟರ ಕ್ಲಿನಿಕ್ಕಿನ ಆರ್ಡರಿಗೆ ನೀನು ಮಾಡಿದ ಕೇಕಿನ ನಡುವೆ ಗುಂಡಿ ಬಿತ್ತು. ಅದಾದ ಮೇಲಿನದ್ದೂ ಹಾಗೇ, ಅಂಚು ಬೆಂದು ನಡುವೆ ಹಸಿ ಹಿಟ್ಟು. "ನಿಮ್ಮ ಚಿಕ್ಕಪ್ಪ ಹುಡುಕಿ ತಂದು ಹಾಕಿದ್ದ ಕಂಪನಿ ಪಾರ್ಟು ಕಣೇ ಅದು. ಇಷ್ಟು ವರ್ಷ ಒಂದು ಕೇಕೂ ಕುಸಿದಿರಲಿಲ್ಲ. ನಿನ್ನ ಕೈ ಬಿತ್ತು, ಎಲ್ಲ ಕುಸೀತು" ಅಂದೆ. ಮೀಟರ್ ಸುಳ್ಳಾಡುವುದಿಲ್ಲ. ನಿನ್ನ ಕೈಯೂ ತಪ್ಪುವುದಿಲ್ಲ. ಹಾಗಾದರೆ ತಪ್ಪಿದ್ದು ಯಾವುದು?

ಇಲ್ಲಣ್ಣನ ಅಂಗಡಿಗೆ ವಾಪಸ್ ಹೋದೆ. "ಇಲ್ಲ, ಗುಜರಿಗೆ ಹೋಯ್ತು" ಅಂದ. ಅವನ "ಇಲ್ಲ"ದ ಬೆಲೆ ಗೊತ್ತಿದ್ದರಿಂದ ಅಲ್ಲೇ ನಿಂತೆ. "ಎಂಥಾ ಜಿಗಣೆ ಮಾರಾಯ್ತಿ ನೀನು" ಎಂದು ಬೈಯುತ್ತ ಮೇಜಿನ ಕೆಳಗಿನ ಡಬ್ಬ ಬಗ್ಗಿಸಿದ. ಹಳೇ ಪಾರ್ಟು ಸಿಕ್ಕಿತು. ಅದರ ಬೆನ್ನಿನ ಜಿಡ್ಡು ಒರೆಸಿ ನೋಡಿದೆ, ಮುನ್ನೂರು ಡಿಗ್ರಿ ಅಂತ ಅಚ್ಚೊತ್ತಿದೆ. ನಿನ್ನ ನಾಬಿನ ಅಂಕಿಗಳು ಇನ್ನೂರೈವತ್ತಕ್ಕೇ ಮುಗಿಯುತ್ತವಲ್ಲ? ಅದು ನಿನ್ನ ಓವನ್ನಿನ ಪಾರ್ಟೇ ಅಲ್ಲ ಚಿಕ್ಕಮ್ಮ. ಯಾವುದೋ ದೊಡ್ಡ ಓವನ್ನಿನದು. ಅದು ಇದ್ದಷ್ಟು ವರ್ಷವೂ ನೀನು ತಿರುಗಿಸಿದ್ದಕ್ಕಿಂತ ಹೆಚ್ಚು ಬಿಸಿಯಾಗುತ್ತಿತ್ತು. ನಾಬ್ ಇನ್ನೂರೈವತ್ತಕ್ಕೆ ಇದ್ದರೆ ಒಳಗೆ ಮುನ್ನೂರು, ಅದೇ ಲೆಕ್ಕದಲ್ಲಿ ನೀನು ನೂರೈವತ್ತು ಅಂದುಕೊಂಡಾಗ ಒಳಗೆ ನೂರಾ ಎಂಬತ್ತು.

ಇದು ತಿಳಿದ ಕೂಡಲೇ ನನಗೆ ನೆನಪಾದದ್ದು ಎದುರುಮನೆ ಟೈಲರಕ್ಕ. ಅವರು ನಿನ್ನಿಂದ ಕೇಕು ಕಲಿತರು. "ಎಲ್ಲರೂ ನೂರಾ ಎಂಬತ್ತು ಅಂತಾರೆ, ಕೇಳಬೇಡ. ನೂರೈವತ್ತು ಇಡು, ನಿಧಾನಕ್ಕೆ ಬೇಯ್ಲಿ, ಅದೇ ನನ್ನ ಗುಟ್ಟು" ಎಂದು ನೀನು ಮನಸಾರೆ ಹೇಳಿಕೊಟ್ಟೆ. ಅವರ ಮನೆಯಲ್ಲಿ ಮಾಡಿದ್ದೆಲ್ಲ ನಡುವೆ ಗುಂಡಿ ಬಿತ್ತು. ನೀನು ಬೇಕಂತಲೇ ಏನೋ ಮುಚ್ಚಿಟ್ಟೆ ಅಂತ ಅವರು ತಿಳಿದರು. "ಕಲಿಸೋ ನಾಟಕ ಯಾಕೆ ಆಡಬೇಕಿತ್ತು? ಆಗಲ್ಲ ಅಂದಿದ್ರೆ ಆಗಿತ್ತು" ಎಂದು ಬೀದಿಯಲ್ಲೇ ಕೂಗಿ ಹೋದರು. ಒಳಗೆ ಬಂದು ನೀನು ಸೆರಗಲ್ಲಿ ಮುಖ ಒರೆಸಿಕೊಂಡು, "ಇದ್ದಿದ್ದು ಇದ್ದ ಹಾಗೆ ಹೇಳಿದ್ದೆ ಕಣೇ" ಅಂದೆ. ಒಂದೇ ಬಟ್ಟೆಯ ಎರಡು ರವಿಕೆ ಹೊಲಿದು ತೊಡುತ್ತಿದ್ದ ಗೆಳತಿಯರು, ಈಗ ಎದುರಾದರೆ ಇಬ್ಬರೂ ಚಪ್ಪಲಿ ನೋಡುತ್ತ ನಡೆಯುತ್ತೀರಿ. ನೀನು ನಿಜವನ್ನೇ ಹೇಳಿದ್ದೆ, ಚಿಕ್ಕಮ್ಮ. ಓವನ್ ನಿನಗೇ ಸುಳ್ಳು ಹೇಳುತ್ತಿತ್ತು.

ಇನ್ನು ಬರೆಯಲು ಕಷ್ಟವಾಗುವ ಭಾಗ. ಈ ಪಾರ್ಟು ಹಾಕಿದ್ದು ಚಿಕ್ಕಪ್ಪ. ಫೋನ್ ಮಾಡಿ ಕೇಳಿದೆ. ಮಧ್ಯಾಹ್ನವೇ ವರ್ಕ್‌ಶಾಪಿಗೆ ಬಂದರು. ವರ್ಷಗಳ ಹಿಂದೆ ಓವನ್ನಿನ ಮೊದಲ ಥರ್ಮೋಸ್ಟಾಟ್ ಕೆಟ್ಟಾಗ ಸರಿಯಾದದ್ದು ಎಲ್ಲೂ ಸಿಗಲಿಲ್ಲವಂತೆ. ಬರಿಗೈಲಿ ಬಂದರೆ ನಿನ್ನ ಬಾಯಿಗೆ ಬೀಳಬೇಕಲ್ಲ ಅಂತ ಯಾರೋ ಕೊಟ್ಟದ್ದನ್ನು ತಂದು, ಕಂಪನಿಯದು ಅಂದುಬಿಟ್ಟರಂತೆ. ಎರಡು ಕೇಕು ಸೀದವು, ಮೂರನೆಯದಕ್ಕೆ ನೀನೇ ನಾಬ್ ತಗ್ಗಿಸಿಕೊಂಡೆ. ಟೈಲರಕ್ಕ ಕೂಗಾಡಿದ ದಿನ ಕಾರಣ ಏನು ಅಂತ ಚಿಕ್ಕಪ್ಪನಿಗೆ ಹೊಳೆಯಿತು. ಆದರೆ ಬಾಯಿ ಬರಲಿಲ್ಲ.

"ನೋಡು ಮರಿ" ಅಂದರು, "ನಾಬ್ ತೆಗೆದ್ರೆ ಒಳಗೊಂದು ಚಿಕ್ಕ ಸ್ಕ್ರೂ ಇರುತ್ತಲ್ಲ, ಅದನ್ನ ಒಂಚೂರು ತಿರುಗಿಸಿಬಿಡು. ಮೊದಲಿನ ಥರಾನೇ ಜಾಸ್ತಿ ಕಾಯುತ್ತೆ. ನೀನು ಒರಿಜಿನಲ್ ವಾಪಸ್ ತಂದು ಹಾಕಿದೆ ಅಂತ ಅವಳಿಗೆ ಹೇಳ್ತೀನಿ. ಕೇಕೂ ಉಬ್ಬುತ್ತೆ, ನಿನ್ನ ಕೆಲಸಾನೂ ಉಳಿಯುತ್ತೆ."

"ಹಾಗಂದ್ರೆ ನಾನು ಕದ್ದಿದ್ದು ಒಪ್ಕೊಂಡ ಹಾಗೆ ಅಲ್ವಾ ಚಿಕ್ಕಪ್ಪ?"

"ನೀನು ಚಿಕ್ಕವಳು, ಕ್ಷಮಿಸ್ತಾಳೆ. ನನ್ನ ವಯಸ್ಸಿಗೆ ಅದು ಸಿಗಲ್ಲ."

ಒಂದು ಕ್ಷಣ ತೂಗಿದೆ, ಇಲ್ಲ ಅನ್ನುವುದಿಲ್ಲ. ಆ ಸ್ಕ್ರೂ ತಿರುಗಿಸುವುದು ನನಗೆ ಉಗುರು ಕತ್ತರಿಸಿದಷ್ಟು ಸುಲಭ. ಆದರೆ ಹಾಗೆ ಮಾಡಿದರೆ ನೀನು ಇನ್ನೊಬ್ಬರಿಗೆ ಕಲಿಸಿದಾಗ ಅವರ ಕೇಕೂ ಕುಸಿಯುತ್ತದೆ, ಅವರೂ ನಿನ್ನನ್ನು ಕಳ್ಳಿ ಅನ್ನುತ್ತಾರೆ. ಆಗಲ್ಲ ಅಂದೆ. ನಿನಗೆ ಬರೆಯುತ್ತೇನೆ ಅಂತಲೂ ಅವರಿಗೆ ಹೇಳಿಯೇ ಕಳಿಸಿದೆ. ಹಿಂದಿನಿಂದ ಚಾಡಿ ಹೇಳಿದಳು ಅನ್ನಿಸಿಕೊಳ್ಳಲು ನನಗಿಷ್ಟವಿಲ್ಲ. ಅವರು ಬಾಗಿಲವರೆಗೆ ಹೋಗಿ, ತಿರುಗಿ ನೋಡಿ, ಹೊರಟುಹೋದರು. ಅವರ ಬೆನ್ನು ನೋಡಿದಾಗ ನನ್ನ ಮೇಲೇ ನನಗೆ ಅನುಮಾನ ಬಂತು. ಇದನ್ನು ಬರೆಯುವುದು ನಿಜಕ್ಕಾಗಿಯೋ, ಗೆಲ್ಲುವುದಕ್ಕಾಗಿಯೋ? ಸ್ವಲ್ಪ ಗೆಲ್ಲುವ ಆಸೆಯೂ ಇದೆ. ಅದನ್ನೂ ಬರೆದಿದ್ದೇನೆ, ನೋಡು.

ನನ್ನ ಮಾತು ನಂಬು ಅನ್ನುವುದಿಲ್ಲ. ಚಿಕ್ಕಪ್ಪನನ್ನು ಬೈಯುವುದೋ ಬಿಡುವುದೋ, ಅದು ನಿಮ್ಮಿಬ್ಬರದು. ಒಂದು ಕೆಲಸ ಮಾತ್ರ ಮಾಡು. ಯಾರಿಗೂ ಹೇಳದೆ, ನಿನ್ನ ಎಂದಿನ ಅಳತೆಯಲ್ಲೇ ಒಂದು ಕೇಕು ಕಲಸು. ನಾಬನ್ನು ನೂರಾ ಎಂಬತ್ತಕ್ಕೆ ಇಡು. ಎಲ್ಲರೂ ಇಡುವ ಅಂಕಿ ನಿನಗೆ ಸೋಲಿನಂತೆ ಕಾಣಬಹುದು, ಆದರೂ ಇಡು. ಹೊತ್ತು ಎಂದಿನಷ್ಟೇ. ನಡುವೆ ಗುಂಡಿ ಬಿದ್ದರೆ ನಾನೇ ಯಜಮಾನರ ಮುಂದೆ ನಿಂತು ಕದ್ದವಳು ನಾನೇ ಅಂತ ಒಪ್ಪಿಕೊಂಡು ಕೆಲಸ ಬಿಡುತ್ತೇನೆ.

ಉಬ್ಬಿದರೆ ನನಗೆ ಫೋನ್ ಮಾಡಲು ಅವಸರ ಪಡಬೇಡ. ಯಜಮಾನರಿಗೆ ನಾಳೆ ಹೇಳಿದರೂ ನಡೆಯುತ್ತದೆ, ಸ್ಕ್ರೂಗಳು ಇನ್ನೂ ಬೇಕಾದಷ್ಟಿವೆ. ಮೊದಲು ಒಂದು ತುಂಡು ಕೊಯ್ದುಕೊಂಡು ಬಿಸಿ ಆರುವ ಮುಂಚೆ ರಸ್ತೆ ದಾಟು. ನೀನು ಅವರಿಗೆ ಮೋಸ ಮಾಡಿರಲಿಲ್ಲ ಅಂತ ಟೈಲರಕ್ಕನಿಗೆ ಗೊತ್ತಾಗಲಿ. ಅವರು ನನಗಿಂತ ಬಹಳ ಮುಂಚಿನಿಂದ ಕಾಯುತ್ತಿದ್ದಾರೆ.

ನಿನ್ನ ಕೈ ಸೋಲದಿರಲಿ, ಚಿಕ್ಕಮ್ಮ.

ಓದು ಹತ್ತದ, ಸುಳ್ಳೂ ಹತ್ತದ,
ನಿನ್ನ ಅಕ್ಕನ ಮಗಳು