ದಿಬ್ಬ ಇದ್ದ ಜಾಗ

ಅಪ್ಪನಿಗೆ,

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಬಾಟಲಿ ನೋಡಿಕೊಂಡೇ ಕೂತಿದ್ದೀಯೋ?

ಊರಾಚೆಯ ದಿಬ್ಬದ ಗತಿ ನಿನಗೆ ಆಗಲೇ ಗೊತ್ತಾಗಿರುತ್ತದೆ. ಹೊಸ ರಸ್ತೆ ನೇರವಾಗಲಿ ಎಂದು ಅದನ್ನು ನೆಲಸಮ ಮಾಡಿಸಿದವಳು ನಾನೇ. ಎರಡೇ ತಿಂಗಳಲ್ಲಿ ಮರಳು ಆಸ್ಪತ್ರೆಯ ಕಾಂಪೌಂಡಿಗೆ ಬಂದು ನಿಂತಿತು. ತಡೆಯಲೆಂದು ಗೋಡೆ ಎತ್ತರಿಸಿದೆ. ಗಾಳಿ ಅದನ್ನೂ ಹತ್ತಿ, ಹೊತ್ತು ತಂದದ್ದನ್ನೆಲ್ಲ ಗೋಡೆಯ ಒಳಮಗ್ಗುಲಿಗೇ ಸುರಿಯುತ್ತಿದೆ. ನಿನ್ನೆ ಹೆರಿಗೆ ವಾರ್ಡಿನ ಬಾಗಿಲನ್ನು ಸಲಿಕೆ ಹಿಡಿದು ಬಿಡಿಸಿದೆವು. ಒಳಗೆ ಒಬ್ಬ ಬಾಣಂತಿ, ಮೂರು ದಿನದ ಕೂಸು.

ಮೂವತ್ತು ವರ್ಷ ದಿಬ್ಬದ ಪಕ್ಕದ ಹಳೇ ದಾರಿಯ ಮರಳು ತೆಗೆದವನು ನೀನು. ದಿಬ್ಬ ಕೆಡವುವ ಮುಂಚೆ ನಮ್ಮ ಇಲಾಖೆಯ ಸಭೆಗೆ ನೀನೇ ಬಂದು, "ದಿಬ್ಬ ಮುಟ್ಟಬೇಡಿ ಸಾರ್. ಗಾಳಿ ಅದರ ಬೆನ್ನ ಹಿಂದೆ ಸುಸ್ತಾಗಿ ಮರಳು ಇಳಿಸುತ್ತೆ, ಅದಕ್ಕೇ ಊರು ಉಳಿದಿದೆ" ಎಂದೆ. ಯಾರಿವರು ಎಂದು ಸಾಹೇಬರು ನನ್ನನ್ನು ಕೇಳಿದರು. "ಯಾರೋ ಹಳೇ ಕೂಲಿಯವರು ಸಾರ್" ಎಂದುಬಿಟ್ಟೆ ನಾನು. ನಿನಗೆ ಕೇಳಿಸಿತು. ಎದ್ದು, "ಬರ್ತೀನಿ ಮೇಡಂ" ಎಂದು ನನಗೆ ಕೈಮುಗಿದು ಹೋದೆ.

ಗುರುವಾರ ನಮ್ಮ ಆಫೀಸಿಗೆ ಬರುತ್ತೀಯಾ ಅಪ್ಪ? ದಿಬ್ಬವನ್ನು ಮತ್ತೆ ಕಟ್ಟಬೇಕು. ಎಲ್ಲಿ, ಎಷ್ಟೆತ್ತರ, ಊರಿಗೆ ಎಷ್ಟು ದೂರ ಎಂಬುದು ನಮ್ಮ ಯಾವ ನಕ್ಷೆಯಲ್ಲೂ ಇಲ್ಲ. ಅದರ ಹಿಂದೆ ಮರಳು ಅಳೆಯಲು ನೀನು ನೆಡುತ್ತಿದ್ದ ಗೂಟಗಳು ಇನ್ನೂ ಇದ್ದರೆ ತಾ. ಸಾಹೇಬರೂ ಇರುತ್ತಾರೆ. ಅವರ ಮುಂದೆ ನನ್ನನ್ನು ಮೇಡಂ ಅನ್ನಬೇಡ.

ಗೇಟಿನವನಿಗೆ ಹೇಳಿಟ್ಟಿದ್ದೇನೆ: "ನಮ್ಮಪ್ಪ ಬರ್ತಾರೆ. ಯಾರು ನೀವು ಅಂತ ಕೇಳಬೇಡ, ಮೂಗು ನೋಡಿದ್ರೆ ಗೊತ್ತಾಗುತ್ತೆ."

ಇಂತಿ,
ನಿನ್ನ ಮಗಳು