ಹನ್ನೆರಡರ ತನಕ ಏನೂ ಇಲ್ಲ

ಮಾರ್ಚ್ 2, 1998. ಮೊಳಕಾಲ್ಮೂರು

ಇವತ್ತೂ ದುರುಗಕ್ಕನ ಜಗಲಿ. ಕೈಯಲ್ಲಿ ನೋಟ್‌ಬುಕ್, ವಾಚು. ಬಣ್ಣ ಹಾಕುವ ಮಸ್ತಾನ್ ಸಾಬರು ಹತ್ತಕ್ಕೆ ರೇಷ್ಮೆ ನೂಲು ತಂದರು. ದುರುಗಕ್ಕ ಅದನ್ನು ಕಂಡಿಕೆಗೆ, ಲಾಳಿಯೊಳಗಿಡುವ ಪುಟ್ಟ ಕೊಳವೆಗೆ, ಸುತ್ತಿದಳು. ಹನ್ನೊಂದಕ್ಕೆ ಕಂಡಿಕೆ ಎದುರುಮನೆ ದೊಡ್ಡೀರಪ್ಪನ ಮಗ್ಗಕ್ಕೆ. ಎಲ್ಲ ಬರೆದುಕೊಂಡೆ.

"ಪೊಲೀಸ್ನೋರು ಬರ್ಕೊಂಡಂಗೆ ಬರ್ಕೋತೀಯಲ್ಲೇ ಗಂಗಾ" ಎಂದಳು ದುರುಗಕ್ಕ.

ಎಂ.ಟೆಕ್. ಪ್ರಾಜೆಕ್ಟ್ — ನಮ್ಮ ಬೀದಿಯ ನೇಯ್ಗೆಯನ್ನು ಕಂಪ್ಯೂಟರಿನಲ್ಲಿ ನಡೆಸುವುದು. ಮೂವರಿಗೂ ಒಂದೊಂದು ಪ್ರೋಗ್ರಾಂ, ಒಂದೊಂದು ಗಡಿಯಾರ. ಎಲ್ಲರಿಗೂ ಸೇರಿ ಒಂದು ಗಡಿಯಾರ ಇಲ್ಲ. ಏನಾದರೂ ನಡೆದಾಗ ಮಾತ್ರ ಹೊತ್ತು ಮುಂದಕ್ಕೆ ಜಿಗಿಯುತ್ತದೆ.

ಮಾರ್ಚ್ 6. ಚಳ್ಳಕೆರೆ, ಅಕ್ರಮ್‌ನ ಕಂಪ್ಯೂಟರ್ ಸೆಂಟರ್

ಓಡಿಸಿದೆ. ಮೊದಲ ದಿನದ ಹತ್ತು ಗಂಟೆಗೇ ನಿಂತಿತು. ಎರರ್ ಇಲ್ಲ. ಸುಮ್ಮನೆ ನಿಂತಿದೆ...

"ಹ್ಯಾಂಗ್ ಆಗೈತೇನ್ರೀ?" ಅಕ್ರಮ್ ಇಣುಕಿದ.

"ಇಲ್ಲ. ಕಾಯ್ತಾ ಐತೆ."

ಮಧ್ಯಾಹ್ನದ ಹೊತ್ತಿಗೆ ಕಾರಣ ಸಿಕ್ಕಿತು. ಕಂಪ್ಯೂಟರಿನ ದುರುಗಕ್ಕನ ಬಳಿ ಸಾಬರ ಹತ್ತು ಗಂಟೆಯ ನೂಲಿದೆ. ಆದರೆ ದೊಡ್ಡೀರಪ್ಪನೂ ಆಗಾಗ ಮಗ್ಗದ ಉಳಿಕೆ ನೂಲನ್ನು ಮತ್ತೆ ಸುತ್ತಲು ಕಳಿಸುತ್ತಾನೆ. ಮೊದಲು ಕಳಿಸಿದ್ದನ್ನು ಮೊದಲು ಸುತ್ತಬೇಕು. ಅವನು ಒಂಬತ್ತೂವರೆಗೇ ಕಳಿಸಿದ್ದು ಇನ್ನೂ ತಲುಪಿಲ್ಲವೆಂದರೆ? ಅದಕ್ಕೇ ಅವಳು ಕಾಯುತ್ತಾಳೆ. ಅವನು ಅವಳ ಕಂಡಿಕೆಗೆ ಕಾಯುತ್ತಾನೆ. ಇಬ್ಬರದೂ ತಪ್ಪಿಲ್ಲ. ಇಬ್ಬರೂ ಕಾಯುತ್ತಲೇ ಇದ್ದಾರೆ.

ಮಾರ್ಚ್ 9

ಕಾಲೇಜಿನಿಂದ ಗೈಡ್ ಸುಲೋಚನಮ್ಮ ಮೇಡಂ ಫೋನು. ಇಪ್ಪತ್ತಕ್ಕೆ ಓಡಿಸಿ ತೋರಿಸಬೇಕು. ಇಲ್ಲದಿದ್ದರೆ ಇನ್ನೊಂದು ವರ್ಷ. ಅವ್ವನಿಗೆ ಹೇಳಿಲ್ಲ.

ಮಾರ್ಚ್ 14, ಬೆಳಿಗ್ಗೆ 10

ಜಗಲಿಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಎದುರುಮನೆಯ ಒಳಗಿಂದ ದೊಡ್ಡೀರಪ್ಪ ಕೂಗಿದ: "ಅಕ್ಕಾ, ಹನ್ನೆರಡರ ತನಕ ನನ್ ಕಡೆಯಿಂದ ಏನೂ ಇಲ್ಲ. ಸಾಬ್ರದು ಸುತ್ತು."

ದುರುಗಕ್ಕ ತಲೆಯೆತ್ತದೆ ರಾಟೆ ತಿರುಗಿಸಿದಳು.

ಹದಿನೈದು ದಿನದಿಂದ ಕೇಳುತ್ತಿರುವ ಮಾತು. ಒಮ್ಮೆಯೂ ಬರೆದುಕೊಂಡಿಲ್ಲ. ನೂಲು ಬರಲಿಲ್ಲವಲ್ಲ, ಏನಂತ ಬರೆಯಲಿ?

ಓಡಿದೆ. "ಅಣ್ಣಾ, ದಿನಾ ಹಿಂಗೇ ಹೇಳ್ತೀಯಾ?"

"ಹೇಳ್ದಿದ್ರೆ ಆಕೆ ಕಾಯ್ಕೊಂಡು ಕೂತಿರ್ತಾಳೆ. ನನ್ ಕಂಡಿಕೆ ಯಾವಾಗ ಬರ್ಬೇಕು?"

"ಹನ್ನೆರಡು ಅಂತ ಹೆಂಗೆ ಗೊತ್ತು?"

"ಈಗ್ಲೇ ಕಂಡಿಕೆ ಕೊಟ್ರೂ ಎರಡು ತಾಸು ನೇಯದೆ ಉಳಿಕೆ ಎಲ್ಲಿಂದ ಬರ್ತೈತಮ್ಮ?" ನನ್ನ ಓದಿನ ಬಗ್ಗೆ ಅವನಿಗೆ ಅನುಮಾನ ಬಂದಂತಿತ್ತು.

ಮಾರ್ಚ್ 16. ಚಳ್ಳಕೆರೆ

ಮಗ್ಗದಿಂದ ದುರುಗಕ್ಕನಿಗೆ ಹೊಸ ಸಂದೇಶ ಸೇರಿಸಿದೆ. ನೂಲಿಲ್ಲ, ಹೊತ್ತು ಮಾತ್ರ: ಇಷ್ಟರ ತನಕ ಏನೂ ಇಲ್ಲ. ಓಡಿಸಿದೆ. ಹತ್ತು ದಾಟಿತು. ಹನ್ನೆರಡು... ಮರುದಿನ... ಮೂವತ್ತು ದಿನ ಎರಡೇ ಸೆಕೆಂಡಿನಲ್ಲಿ. ಅಕ್ರಮ್ ಎಲ್ಲರಿಗೂ ಚಹಾ ತರಿಸಿದ. ಯಾಕೆಂದು ಅವನಿಗೂ ಗೊತ್ತಿಲ್ಲ.

ಮಾರ್ಚ್ 20

ಓಡಿತು. ಮೇಡಂ ಪೂರ್ತಿ ನೋಡಿ, "ಈ ಉಪಾಯ ಪುಸ್ತಕದಲ್ಲೇ ಇದೆ. ಓದಿರಲಿಲ್ವಾ?" ಎಂದರು. ನಾಚಿಕೆಯಾಯಿತು. ಓದಿರಲಿಲ್ಲ. ದೊಡ್ಡೀರಪ್ಪನ ವಿಷಯ ಹೇಳಿದೆ. ಮೇಡಂ ನಕ್ಕರು. "ಅವರೂ ಓದಿರ್ಲಿಕ್ಕಿಲ್ಲ. ಥೀಸಿಸ್‌ನಲ್ಲಿ ಅವರ ಹೆಸರು ಹಾಕು." ಪಾಸು. ಸಂಜೆ ಅವ್ವನಿಗೆ ಎರಡೂ ಸುದ್ದಿ ಒಟ್ಟಿಗೆ ಹೇಳಿದೆ. ಬೈದು ಪಾಯಸ ಮಾಡಿದಳು.

ಮಾರ್ಚ್ 22. ಚಳ್ಳಕೆರೆ

ದುರುಗಕ್ಕ ಹಠ ಮಾಡಿ ಬಸ್ಸು ಹತ್ತಿದಳು. ಕಂಪ್ಯೂಟರಿನಲ್ಲಿ ತನ್ನನ್ನು ತಾನೇ ನೋಡಬೇಕಂತೆ. ಸ್ಕ್ರೀನಿನಲ್ಲಿ ಅವಳ ಸಾಲು ತೋರಿಸಿದೆ. ನೂಲು ಬಂತು, ಕಂಡಿಕೆ ಹೋಯಿತು, ನೂಲು ಬಂತು...

ಬಾಗಿ, ಕೊನೆಯ ತನಕ ನೋಡಿದಳು.

"ಒಂದ್ ತಿಂಗ್ಳು ಆಯ್ತಾ?"

"ಆಯ್ತು."

"ನಾನು ಉಂಡಿದ್ದು ಎಲ್ಲೈತೆ?"

ಅಕ್ರಮ್ ನಕ್ಕ. ನಾನೂ ನಕ್ಕೆ. ಅವಳು ನಗಲಿಲ್ಲ. ನೋಟ್‌ಬುಕ್ ತಿರುವಿದೆ. ನಿಜ, ಎಲ್ಲೂ ಇಲ್ಲ.

ಮಾರ್ಚ್ 23, ಮಧ್ಯಾಹ್ನ 1. ಮೊಳಕಾಲ್ಮೂರು

ಜಗಲಿ. ಊಟಕ್ಕೆ ಎಷ್ಟು ಹೊತ್ತು ಹಾಕಲಿ ಎಂದು ಕೇಳಿದೆ.

"ಒಬ್ಳೇ ಆದ್ರೆ ಕಾಲ್ಗಂಟೆ. ನೀನೂ ಕೂತ್ರೆ ಒಂದ್ ಗಂಟೆ. ಬಾ, ಮುದ್ದೆ ಆರ್ತೈತೆ."

ಒಂದು ಗಂಟೆ ಎಂದು ಬರೆದುಕೊಂಡೆ.